ಹಿಟ್ಟಿನ ಕೈಯ ಸಹಿ

ಸುರಪುರ ತಾಲೂಕಿನ ನಮ್ಮ ಊರಲ್ಲಿ ಒಂದು ಸಲ ಪಂಚಾಯಿತಿ ಅಧ್ಯಕ್ಷ ಸ್ಥಾನ ಪರಿಶಿಷ್ಟ ಪಂಗಡದ ಹೆಂಗಸರಿಗೆ ಮೀಸಲಾಯಿತು. ಹಾಗಾಗಿ ಬೇಡರ ಮನೆಯ ಸೊಸೆ ನಾನು ಅಧ್ಯಕ್ಷೆಯಾದೆ. ಹೆಸರು ನನ್ನದು, ಕುರ್ಚಿಯಲ್ಲಿ ಕೂರುವವರು ನನ್ನ ಗಂಡ. ಪಂಚಾಯಿತಿಯ ತೀರ್ಮಾನ ಬರೆಯುವ ಠರಾವು ಪುಸ್ತಕ ಮಾತ್ರ ಮನೆಗೆ ಬರುತ್ತಿತ್ತು. ನಾನು ರೊಟ್ಟಿ ಬಡಿಯುತ್ತಿದ್ದರೆ ಪಕ್ಕದಲ್ಲಿಟ್ಟು, "ಇಲ್ಲೊಂದು ಸಹಿ ಹೊಡಿ" ಎನ್ನುತ್ತಿದ್ದರು. ಹಿಟ್ಟಿನ ಕೈಯಲ್ಲೇ ಹೊಡೆಯುತ್ತಿದ್ದೆ. ಏಳನೇ ತರಗತಿ ಓದಿದವಳು, ಒಂದು ಸಾಲು ಓದಲಿಲ್ಲ! ಹಂಚಿನ ಮೇಲಿನ ರೊಟ್ಟಿ ಸೀದೀತು ಅನ್ನುವುದೊಂದೇ ನನ್ನ ಚಿಂತೆ.

ಗೆದ್ದಾಗ ಕೇರಿಯ ಹೆಂಗಸರಿಗೆ ನಾನು ಕೊಟ್ಟ ಮಾತು ಒಂದೇ: ಕಾಲುವೆಗೆ ಮೆಟ್ಟಿಲು. ಕಾಲುವೆ ಬಂದಮೇಲೆ ಬಟ್ಟೆ ಒಗೆಯಲು ಎಲ್ಲರೂ ಅಲ್ಲಿಗೇ ಹೋಗುತ್ತಿದ್ದೆವು. ಅದರ ದಂಡೆ ಸಿಮೆಂಟಿನ ಇಳಿಜಾರು, ಮೇಲೆ ಪಾಚಿ. ಹೊಲಕ್ಕೆ ನೀರು ಕೊಟ್ಟವರಿಗೆ ಹೆಂಗಸರ ಕಾಲು ನೆನಪಾಗಿರಲಿಲ್ಲ.

ಆ ಮಳೆಗಾಲದಲ್ಲಿ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬಟ್ಟೆಗಂಟಿನ ಸಮೇತ ಜಾರಿದಳು. ಜೊತೆಯವರು ಸೀರೆ ಎಸೆದು ಎಳೆದುಕೊಂಡರು. ಜೀವ ಉಳಿಯಿತು. ಮುರಿದ ಬಲಗೈ ಸೊಟ್ಟಗೆ ಕೂಡಿಕೊಂಡಿತು. ನಾನು ಮನೆಯಲ್ಲಿ ಕೂಗಾಡಿದೆ. "ಮ್ಯಾಲಿಂದ ಮಂಜೂರಿ ಬರ್ಬೇಕು. ನಿನಗ ತಿಳಿಯಂಗಿಲ್ಲ, ಸುಮ್ನಿರು" ಅಂದರು ನನ್ನ ಗಂಡ. ಕೋಲೆ ಬಸವನ ಹಾಗೆ ತಲೆ ಆಡಿಸಿದೆ.

ಆಮೇಲೆ ಯಾದಗಿರಿಯಲ್ಲಿ ನಮ್ಮಂಥ ಅಧ್ಯಕ್ಷೆಯರಿಗೆ ನಾಯಕತ್ವ ತರಬೇತಿ. ನಾಯಕಿಯರು ಜಮಖಾನೆಯ ಮೇಲೆ, ಕರೆತಂದ ಗಂಡಂದಿರು ಕುರ್ಚಿಯ ಮೇಲೆ! ಚಹಾ ಕೂಡ ಅವರಿಗೇ ಮೊದಲು. ತರಬೇತಿಯ ಮೇಡಂ ನನ್ನನ್ನು ಎಬ್ಬಿಸಿ, "ನೀವು ಮಾಡಿಸಿದ ಕೆಲಸ ಯಾವುದಮ್ಮ?" ಎಂದರು. ಹಿಂದಿನಿಂದ ನಮ್ಮ ಮನೆಯವರೇ ಎದ್ದು ಹೇಳಿದರು: "ಅಗಸಿ ಕಟ್ಟಿಗಿ ತಗಡಿನ ನೆರಳ ಮಾಡ್ಸೇವ್ರಿ. ಕೆಲಸದ ಯಾದ್ಯಾಗ ಮೊದ್ಲ ಕೆನಾಲ್ ಮೆಟ್ಟಲ ಇತ್ತು, ಅದನ್ನ ತಗದು ಇದನ್ನ ಹಾಕಿದ್ವಿ."

ಊರಬಾಗಿಲ ಬಳಿ ಗಂಡಸರು ಇಸ್ಪೀಟು ಆಡುವ ಕಟ್ಟೆಗೆ ನೆರಳು! ನೆಗೆಣ್ಣಿ ಜಾರುವ ಮೊದಲೇ ಆ ತಗಡು ಏಳುವುದನ್ನು ನಾನೇ ನೋಡಿದ್ದೆ, ಅವರವರೇ ಪಟ್ಟಿ ಹಣ ಎತ್ತಿ ಹಾಕಿಸಿದ್ದಾರೆ ಅಂದುಕೊಂಡಿದ್ದೆ. ಮೆಟ್ಟಿಲು ತೆಗೆದ ಠರಾವಿನ ಕೆಳಗೆ ಇದ್ದದ್ದು ನನ್ನ ಸಹಿ. ಅವರ ಮೇಲೆ ಎಷ್ಟು ಸಿಟ್ಟು ಬಂತೋ ನನ್ನ ಮೇಲೂ ಅಷ್ಟೇ ಬಂತು.

ಕಚೇರಿಗೆ ಹೋಗಬೇಕಾದರೆ ಆ ಕಟ್ಟೆಯ ಮುಂದೆಯೇ ಹಾಯಬೇಕು. ಹಿರಿಯರು ಕೂತಿದ್ದರೆ ಹೆಂಗಸರು ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದು ದಾಟಬೇಕೆನ್ನುವುದು ನಮ್ಮಲ್ಲಿ ರಿವಾಜು. ಊರಿಗೆ ಬಂದ ಮರುದಿನ ಮೆಟ್ಟಿಕೊಂಡೇ ನಡೆದೆ.

"ಏನವಾ, ಚಪ್ಪಲ್ ಕಾಲಾಗ ಅದಾವಲ್ಲ?" ತಗಡಿನ ನೆರಳಿನಿಂದ ದೊಡ್ಡ ಮಾವ ಕೇಳಿದರು.

"ಕೈ ಖಾಲಿ ಇಲ್ರಿ ಮಾವಾರ. ಠರಾವು ಪುಸ್ತಕ ಹಿಡೀಬೇಕಾಗ್ಯಾದ."

ಕುರ್ಚಿಯಿಂದ ನಮ್ಮ ಮನೆಯವರನ್ನು ಏಳಿಸಿ ಕೂತೆ. ಸಭೆ ಕರೆದು ಹಳೆಯ ಠರಾವುಗಳನ್ನೆಲ್ಲ ಗಟ್ಟಿಯಾಗಿ ಓದಿದೆ. "ಹೆಂಗಸರ ಮಾತ ಕೇಳಿದ್ರ ಊರ ಕೆಡ್ತದ" ಎಂದು ಒಬ್ಬ ಸದಸ್ಯ ಗೊಣಗಿದ. "ಗಂಡಸರ ಮಾತ ಕೇಳಿ ನನ್ನ ನೆಗೆಣ್ಣಿ ಕೈ ಕೆಟ್ಟದ, ನೋಡಾಕ ಬರ್ತಿಯೇನು?" ಎಂದೆ. ಮೆಟ್ಟಿಲಿನ ಠರಾವು ಬರೆಸಿ, ಎರಡು ಸಲ ಓದಿ ಸಹಿ ಮಾಡಿದೆ. ಬೇಸಿಗೆಯಲ್ಲಿ ಕಾಲುವೆ ಬತ್ತಿದಾಗ ಕೆಲಸ ಮುಗಿಯಿತು.

ನೀರು ಬಿಟ್ಟ ದಿನ ನೆಗೆಣ್ಣಿಯನ್ನೇ ಮೊದಲು ಇಳಿಸಿದೆ. ಕೆಳಗಿನ ಮೆಟ್ಟಿಲ ಮೇಲೆ ಕೂತು ಅವಳಿಗೆ ಎಲ್ಲವನ್ನೂ ಹೇಳಿದೆ, ಹಿಟ್ಟಿನ ಕೈಯ ಸಹಿಯನ್ನೂ. ಅವಳು ಸೊಟ್ಟ ಕೈಯನ್ನು ನೀರಿನಲ್ಲಿ ಇಳಿಬಿಟ್ಟಳು.

"ನನಗ ಓದಾಕ ಬರಂಗಿಲ್ಲಕ್ಕ" ಅಂದಳು. "ನಿನಗ ಬರ್ತಿತ್ತಲ್ಲ."