ನಂಜನಗೂಡು ದೇವರ ಹೆಸರು

ನಾನು ತಾಲ್ಲೂಕು ಕಚೇರಿಯ ಒಳಗೆ ಕಾಲಿಟ್ಟದ್ದು ಒಂದೇ ಸಲ, ಅದೂ ನಾನೇ ಮಾಡಿದ ತಪ್ಪಿಗೆ.

ಕವಲಂದೆ ಪಕ್ಕದ ನಮ್ಮೂರಿನಲ್ಲಿ ಕುಡಿಯುವ ನೀರಿನ ಬಾವಿ ಇರಲಿಲ್ಲ. ನಾನಾಗ ಬಸುರಿ, ಆದರೂ ಕೆರೆಯಿಂದ ಕೊಡ ಹೊತ್ತು ಬರಬೇಕು. ಬಾವಿ ತೋಡಿಸುವುದು, ರಸ್ತೆ ಹಾಕಿಸುವುದು ನಂಜನಗೂಡಿನ ತಾಲ್ಲೂಕು ಬೋರ್ಡಿನ ಕೈಲಿತ್ತು. ಅಮಲ್ದಾರರೇ ಅದರ ಅಧ್ಯಕ್ಷರು. ಕೆಲವು ಮೆಂಬರುಗಳನ್ನು ಸರ್ಕಾರವೇ ನೇಮಿಸುತ್ತಿತ್ತು. ಉಳಿದವರನ್ನು ಇಂತಿಷ್ಟು ಕಂದಾಯ ಕಟ್ಟುವ ರೈತರು ಆರಿಸಬೇಕಿತ್ತು. ಹೆಂಗಸರಿಗೆ ಓಟಿಲ್ಲ. ನೀರು ಹೊರುವುದು ಮಾತ್ರ ನಮ್ಮದೇ. ಆ ಸಲ ಪಕ್ಕದೂರಿನ ಗೌಡರು ನಿಂತಿದ್ದರು. ಗೆದ್ದರೆ ಮೊದಲ ಬಾವಿ ನಿಮ್ಮೂರಿಗೆ ಎಂದಿದ್ದರು.

ಓಟಿನ ಪಟ್ಟಿ ಬರೆಯಲು ಕಚೇರಿಯ ಹೊಸ ಗುಮಾಸ್ತರು ಬಂದಾಗ ಮನೆಯಲ್ಲಿ ನಾನೊಬ್ಬಳೇ. ಗಂಡನ ಹೆಸರು ಕೇಳಿದರು. ಅದನ್ನು ಬಾಯಿಬಿಟ್ಟು ಹೇಳುವುದುಂಟೇ?

“ನಂಜನಗೂಡ್ ದೇವ್ರ ಎಸ್ರು ಕಣ್ ಸಾ” ಎಂದೆ. ಬರೆದುಕೊಂಡು ಹೋದರು.

ಓಟಿನ ದಿನ, ಹೊಳೆ ಸ್ನಾನವೂ ಆಗಲಿ ಎಂದು ಗಾಡಿಯಲ್ಲಿ ನಾನೂ ಹೋಗಿ ಕಚೇರಿಯ ಹೊರಗೆ ಕೂತಿದ್ದೆ. ಒಳಗೆ ಗಲಾಟೆ. ಆ ದೇವರಿಗೆ ಎರಡು ಹೆಸರು: ಪೂಜೆಯವರು ಕರೆಯುವುದೊಂದು, ನಮ್ಮಂಥವರು ಕರೆಯುವುದೊಂದು. ನನ್ನ ಗಂಡನದು ಎರಡನೆಯದು. ಗುಮಾಸ್ತರು ಬರೆದದ್ದು ಮೊದಲನೆಯದು.

“ಪಟ್ಟೀಲಿರೋನು ನೀನಲ್ಲ, ಆಚೆ ಹೋಗು” ಎಂದು ಗುಮಾಸ್ತರು. “ನಾನಲ್ದೆ ನನ್ ಮನೇಲಿ ಇನ್ಯಾರವ್ರೆ ಸಾ?” ಎಂದು ಇವರು.

“ಹೆಸರು ಬರೆಸಿದವಳೇ ಬಂದು ಹೇಳಲಿ” ಎಂದರು ಅಮಲ್ದಾರರು.

ಹೋದೆ. ಗಂಡಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೆರೆಯ ದಾರಿ ನೆನಪಾಯಿತು. ಸೆರಗು ಬಿಗಿದುಕೊಂಡು, ಹೆಸರನ್ನು ಗಟ್ಟಿಯಾಗಿ ಹೇಳಿಬಿಟ್ಟೆ.

“ಅಯ್ಯೋ ಶಿವ್ನೆ, ಗಂಡುಬೀರಿ ಕಣ್ಲಾ ಇವ್ಳು!” ಎಂದ ಯಾವನೋ.

ಅಮಲ್ದಾರರು ನಗಲಿಲ್ಲ. ಪಟ್ಟಿ ತಿದ್ದಿಸಿ, “ಬಸುರಿ ಹೆಂಗಸು, ನೆರಳಲ್ಲಿ ಕೂತ್ಕೋ ತಾಯಿ” ಎಂದರು. ಅದಕ್ಕೆ ಅವರನ್ನು ಇವತ್ತಿಗೂ ನೆನೆದು ಕೈಮುಗಿಯುತ್ತೇನೆ.

ಗಾಡಿ ಊರ ಕಡೆ ತಿರುಗಿದ ಮೇಲೆ ಇವರು ಬಾಯಿ ತೆರೆದರು. “ಇನ್ನೊಂದ್ ಸಲ ಯೋಳಮ್ಮಿ, ಕೇಳಾನ.”

“ಬಾವೀಲಿ ನೀರ್ ಬರ್ಲಿ, ಯೋಳ್ತೀನಿ. ಈಗ ಸುಮ್ಕಿರಿ.”

ಬೈಯುತ್ತಾರೆಂದು ಹೆದರಿ ಕೂತಿದ್ದೆ. ಬೈಯಲಿಲ್ಲ, ಆವತ್ತೂ ಇಲ್ಲ, ಆಮೇಲೂ ಇಲ್ಲ. ಅಂಥ ಗಂಡ ಸಿಕ್ಕಿದ್ದು ನನ್ನ ಪುಣ್ಯ.

ಗೌಡರು ಗೆದ್ದರು, ಮಾತಿಗೆ ತಪ್ಪಲಿಲ್ಲ. ಬಾವಿಯಲ್ಲಿ ನೀರು ಕಂಡ ದಿನ ಇವರು ಕಟ್ಟೆಯ ಹತ್ತಿರ ನಿಂತು ನನ್ನ ಮುಖವನ್ನೇ ನೋಡಿದರು. ಸುತ್ತ ಹೆಂಗಸರಿದ್ದರು. ಬಾವಿಯೊಳಕ್ಕೆ ಬಗ್ಗಿ, ಮೆಲ್ಲಗೆ ಹೇಳಿದೆ. ಹಾಳು ಬಾವಿ, ಅದನ್ನು ಊರಿಗೆಲ್ಲ ಕೇಳುವಂತೆ ತಿರುಗಿ ಹೇಳಿತು.