ಎರಡು ಪದರದ ಚೀಲ

ಬೀದಿಯ ಮಕ್ಕಳೆಲ್ಲ ಅವನನ್ನು ಹಾವಿನ ಟೈಲರ್ ಎಂದೇ ಕರೆಯುತ್ತಿದ್ದರು. ನಿಜ ಹೇಳಬೇಕೆಂದರೆ, ಹಗ್ಗ ಕಂಡರೂ ಎರಡು ಹೆಜ್ಜೆ ಹಿಂದೆ ಸರಿಯುವ ಮನುಷ್ಯ ಅವನು.

ಅವನ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿತ್ತು. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಬಾಗಿಲ ಪಕ್ಕ ಒಂದು ಸ್ಟೂಲು. ಸ್ಟೂಲಿನ ಮೇಲೆ ಹೆಂಡತಿ ಕುಳಿತು ಕಾಜಾ ಹಾಕುತ್ತಿದ್ದಳು, ಗುಂಡಿ ಹೊಲಿಯುತ್ತಿದ್ದಳು, ಬಂದವರ ಜೊತೆ ಮಾತೂ ಆಡುತ್ತಿದ್ದಳು. ಮೂರನೆಯ ಕೆಲಸ ಅವನಿಂದ ಆಗುತ್ತಿರಲಿಲ್ಲ. ಅಳತೆ ಹೇಳುವುದು ಬಿಟ್ಟರೆ ಅವನ ಬಾಯಿಂದ ಮಾತು ಹೊರಡುವುದೇ ಅಪರೂಪ.

ಹಾವಿನ ಕೆಲಸ ಅಂಟಿಕೊಂಡದ್ದು ಒಂದು ಮಧ್ಯಾಹ್ನ. ಮೊಣಕಾಲಿನವರೆಗೆ ಕೆಸರಾಗಿದ್ದ ಹೆಂಗಸೊಬ್ಬಳು ಬಂದು ಮೇಜಿನ ಮೇಲೆ ಹಳೆಯದೊಂದು ಬಟ್ಟೆ ಚೀಲ ಇಟ್ಟಳು.

"ಇಂಥದ್ದೇ ಬೇಕು. ಆದ್ರೆ ಒಳಗಡೆ ಒಂದೆಳೆ ದಾರಾನೂ ಬಿಟ್ಟುಕೊಂಡಿರಬಾರದು."

"ಏನು ತುಂಬ್ತೀರಿ ಮೇಡಂ, ಸಕ್ಕರೆನಾ?"

"ಹಾವು."

ಅವನು ಕಾದ ಬಾಣಲೆಯಿಂದ ಕೈ ತೆಗೆಯುವಂತೆ ಚೀಲದಿಂದ ಕೈ ತೆಗೆದ. ಹೆಂಡತಿ ನಕ್ಕ ರಭಸಕ್ಕೆ ಸೂಜಿ ಗುಂಡಿಯ ತೂತು ತಪ್ಪಿತು. "ಖಾಲಿ ಚೀಲ ಕಣ್ರೀ. ಅದೇನು ಕಚ್ಚಲ್ಲ."

ಚೀಲ ತಂದಾಕೆ ಊರಂಚಿನ ಸಂಶೋಧನಾ ಕೇಂದ್ರದವಳು. ಹಾವು, ಹಲ್ಲಿ, ಕಪ್ಪೆಗಳನ್ನು ಹಿಡಿದು, ತೂಗಿ, ಅಳೆದು, ಮತ್ತೆ ಅದೇ ಕಲ್ಲಿನ ಬುಡಕ್ಕೆ ಬಿಟ್ಟು ಬರುವುದು ಅವಳ ಕೆಲಸ. ಅವು ಎಲ್ಲಿ ಉಳಿದಿವೆ, ಹೇಗೆ ಹುಟ್ಟುತ್ತವೆ, ಯಾಕೆ ಕಡಿಮೆಯಾಗುತ್ತಿವೆ ಎಂದು ತಿಳಿಯದೆ ಅವನ್ನು ಕಾಪಾಡುವುದು ಹೇಗೆ ಎನ್ನುತ್ತಿದ್ದಳು. ಚೀಲದೊಳಗೆ ದಾರದ ತುದಿ ಇದ್ದರೆ ಹಲ್ಲಿಯ ಬೆರಳಿಗೆ ಸುತ್ತಿಕೊಳ್ಳುತ್ತದೆ, ಹಾವಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಕಪ್ಪೆಯ ಚೀಲವನ್ನಂತೂ ಸೋಪಿನಲ್ಲಿ ತೊಳೆಯಲೇಬಾರದು; ಕಪ್ಪೆ ನೀರು ಕುಡಿಯುವುದೇ ಚರ್ಮದಿಂದ. ಇದನ್ನೆಲ್ಲ ಆಕೆ ಮೊದಲ ದಿನವೇ ನಿಂತು ವಿವರಿಸಿದಳು. ಬೀದಿ ಅವಳಿಗೆ ಡಾಕ್ಟರಮ್ಮ ಎಂದು ಹೆಸರಿಟ್ಟಿತು.

ಟೈಲರಿಗೆ ಹೊಲಿಗೆ ಕಲಿಸಿದ್ದು ಅವನ ದೊಡ್ಡಪ್ಪ. "ಹೊರಗಿನ ಹೊಲಿಗೆ ಊರು ನೋಡುತ್ತೆ, ಒಳಗಿನ ಹೊಲಿಗೆ ಮೈ ನೋಡುತ್ತೆ" ಎಂದು ಹೇಳಿ, ದಾರದ ತುದಿ ಬಿಟ್ಟ ಬೆರಳಿಗೆ ಸ್ಕೇಲಿನಿಂದ ಬಾರಿಸುತ್ತಿದ್ದ ದೊಡ್ಡಪ್ಪ. ಅಲ್ಲಿಂದ ಇಲ್ಲಿಯವರೆಗೆ ಒಳಗಿನ ಹೊಲಿಗೆಯನ್ನು ತಿರುಗಿಸಿ ನೋಡಿದ ಗಿರಾಕಿ ಒಬ್ಬನೂ ಸಿಕ್ಕಿರಲಿಲ್ಲ. ಈಗ ಸಿಕ್ಕಿದ್ದ, ಕೈಕಾಲಿಲ್ಲದ ಗಿರಾಕಿ. ಟೈಲರ್ ಹೆದರುತ್ತಲೇ ಒಪ್ಪಿಕೊಂಡ.

ವರ್ಷಗಳು ಕಳೆದವು. ಡಾಕ್ಟರಮ್ಮ ಎಷ್ಟು ಕರೆದರೂ ಅವನು ಕೇಂದ್ರದೊಳಗೆ ಕಾಲಿಡಲಿಲ್ಲ. ಆದರೆ ಅವಳು ಹೊಸ ಸುದ್ದಿ ತಂದರೆ ಯಂತ್ರ ನಿಲ್ಲಿಸಿ ಕೇಳುತ್ತಿದ್ದ. ಕೇಳಬೇಕಾದ ಪ್ರಶ್ನೆ ಇದ್ದರೆ ಹೆಂಡತಿಯ ಕಿವಿಯಲ್ಲಿ ಹೇಳಿ ಅವಳಿಂದ ಕೇಳಿಸುತ್ತಿದ್ದ.

ಗಿರಾಕಿಗಳ ಕಾಟ ಬೇರೆ. "ನನ್ನ ಪ್ಯಾಂಟು ಹೊಲಿಯೋ ಸೂಜಿಯಲ್ಲೇ ಹಾವಿಗೂ ಹೊಲೀತೀರಾ?" ಎಂದು ದಪ್ಪನೆಯ ಗಿರಾಕಿಯೊಬ್ಬ ಕೇಳಿದ್ದ.

"ಇಲ್ಲ ಸ್ವಾಮಿ, ಲೆಕ್ಕಾನೇ ಬೇರೆ," ಎಂದಳು ಹೆಂಡತಿ. "ಹಾವಿಗೆ ಸೊಂಟಾನೇ ಇಲ್ಲ. ನಿಮಗೆ ಅದು ಬಿಟ್ಟು ಬೇರೇನೂ ಇಲ್ಲ."

ಹೀಗಿರುವಾಗ ಊರಾಚೆಯ ಗುಡ್ಡದಲ್ಲಿ ಕಲ್ಲು ಒಡೆಯುವ ಮಾತು ಬಂತು. ಅದೇ ಗುಡ್ಡದ ಮಣ್ಣಿನೊಳಗೆ ಪೆನ್ಸಿಲಿನಷ್ಟೇ ದಪ್ಪದ ಹಾವೊಂದು ವಾಸವಾಗಿತ್ತು. ವಿಷವಿಲ್ಲದ್ದು, ಮೊಟ್ಟೆಯಿಡದೆ ಮರಿಯನ್ನೇ ಹಾಕುವಂಥದ್ದು, ಮಣ್ಣು ಬಿಟ್ಟು ಮೇಲೆ ಬರುವುದೇ ಕಡಿಮೆ. ಅದು ಇನ್ನೂ ಅಲ್ಲಿ ಸಂತಾನ ಬೆಳೆಸುತ್ತಿದೆ ಎಂದು ತೋರಿಸಲು ಆದರೆ ಗುಡ್ಡ ಉಳಿಯಬಹುದಿತ್ತು. ಅದಕ್ಕೆ ಬಸುರಿ ಹಾವೊಂದು ಸಿಗಬೇಕು, ಕೇಂದ್ರದಲ್ಲಿ ಮರಿ ಹಾಕಬೇಕು. ಡಾಕ್ಟರಮ್ಮ ವರ್ಷಗಟ್ಟಲೆ ಮಣ್ಣು ಕೆದಕಿದ್ದಳು.

"ಈ ಸಲ ಸಿಗುತ್ತೆ ಅನ್ನಿಸ್ತಿದೆ ಟೈಲರಣ್ಣ," ಎಂದಳು ಅವಳು. "ಬಸುರಿ ಅಂದ್ಮೇಲೆ ಮೆತ್ತಗಿರಬೇಕು. ಹೊರಗೆ ಗಟ್ಟಿ ಬಟ್ಟೆ ಇರಲಿ, ಒಳಗೆ ಮೆತ್ತನೆ ಲೈನಿಂಗ್ ಕೊಡಿ."

ಲೈನಿಂಗ್ ಇರುವ ಚೀಲಕ್ಕೆ ಒಂದು ಪದ್ಧತಿ ಇದೆ. ಹೊರಬಟ್ಟೆ, ಲೈನಿಂಗ್ ಎರಡನ್ನೂ ಉಲ್ಟಾ ಹಿಡಿದು ಸುತ್ತ ಹೊಲಿಯಬೇಕು. ಲೈನಿಂಗಿನ ತಳದಲ್ಲಿ ಎರಡು ಬೆರಳಿನಷ್ಟು ಸಂದು ಬಿಡಬೇಕು. ಆ ಸಂದಿನಿಂದ ಇಡೀ ಚೀಲವನ್ನು ಎಳೆದು ಸರಿಮಗ್ಗುಲಿಗೆ ತಿರುಗಿಸಿ, ಕಡೆಗೆ ಸಂದನ್ನು ಕೈಹೊಲಿಗೆಯಲ್ಲಿ ಮುಚ್ಚಬೇಕು. ಟೈಲರ್ ಚೀಲ ತಿರುಗಿಸಿ, ಸೂಜಿಗೆ ದಾರ ಪೋಣಿಸುತ್ತಿದ್ದ. ಅಷ್ಟರಲ್ಲಿ ಒಬ್ಬ ಯುವಕ ಹಿಂಬದಿಗೆ ಪೇಪರು ಅಡ್ಡ ಹಿಡಿದುಕೊಂಡು ಓಡಿ ಬಂದ. ಕೆಲಸದ ಸಂದರ್ಶನಕ್ಕೆ ಹೊರಟವನ ಪ್ಯಾಂಟು ಬಸ್ಸು ಹತ್ತುವಾಗ ಸೀಳಿಹೋಗಿತ್ತು. ಅವನನ್ನು ಪರದೆಯ ಹಿಂದೆ ನಿಲ್ಲಿಸಿ ಪ್ಯಾಂಟು ಹೊಲಿದು ಕಳಿಸುವಷ್ಟರಲ್ಲಿ ಹೆಂಡತಿ ಚೀಲಕ್ಕೆ ಇಸ್ತ್ರಿ ಮಾಡಿ, ಕೇಂದ್ರದಿಂದ ಬಂದಿದ್ದ ಸಹಾಯಕನ ಕೈಗೆ ಕೊಟ್ಟಾಗಿತ್ತು. ಮುಗಿದಿದೆಯೇ ಎಂದು ಅವಳು ಕೇಳಲಿಲ್ಲ, ಮುಗಿಸಿದೆಯಾ ಎಂದು ಅವನೂ ಕೇಳಲಿಲ್ಲ. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರಿಗೆ ಅಷ್ಟು ನಂಬಿಕೆ.

ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಫೋನು ಬಂತು. ಡಾಕ್ಟರಮ್ಮನ ದನಿ ಬತ್ತಿಹೋಗಿತ್ತು. "ನಿನ್ನೆ ಸಂಜೆ ಸಿಕ್ಕಿತ್ತು ಟೈಲರಣ್ಣ. ಬಸುರಿ. ನಿಮ್ಮ ಚೀಲದಲ್ಲೇ ತಂದೆ. ಈಗ ನೋಡಿದ್ರೆ ಗಂಟು ಹಾಗೇ ಇದೆ, ಒಳಗೆ ಹಾವಿಲ್ಲ. ಒಮ್ಮೆ ಬರ್ತೀರಾ?"

ಅವನು ಯಂತ್ರಕ್ಕೆ ಮುಸುಕು ಹಾಕಿ ಹೊರಟ. ಹೆಂಡತಿ ಚಪ್ಪಲಿ ಮೆಟ್ಟಿ ತಯಾರಾದಳು. "ನಾನೂ ಬರ್ತೀನಿ. ನಿಮ್ಮನ್ನೊಬ್ಬರನ್ನೇ ಕಳಿಸಿದ್ರೆ, ಹಾವು ಸಿಕ್ಕಿದ್ರೂ ಅದನ್ನ ಬಿಟ್ಟು ಓಡಿ ಬರ್ತೀರಿ."

ಬಸ್ಸಿನಲ್ಲಿ ಕುಳಿತು ಅವನು ಮನಸ್ಸಿನಲ್ಲೇ ಆ ಚೀಲವನ್ನು ಮತ್ತೆ ಹೊಲಿದ. ಪಕ್ಕದ ಹೊಲಿಗೆ ಸರಿ. ಬಾಯಿಯ ಮಡಿಕೆ ಸರಿ. ತಿರುಗಿಸಿದ್ದು ಸರಿ. ಆಮೇಲೆ?

"ಲೈನಿಂಗಿನ ಸಂದು ನೀನು ಮುಚ್ಚಿದ್ಯಾ?"

"ನಾನ್ಯಾಕೆ ಮುಚ್ಚಲಿ? ನೀವು ಮುಚ್ಚಿದ್ರಲ್ಲ?"

ಇಬ್ಬರೂ ಕಿಟಕಿಯ ಕಡೆ ತಿರುಗಿದರು. ಮಣ್ಣಿನ ತಂಪು ಬಿಟ್ಟರೆ ಬದುಕದ ಜೀವ, ಹೊಟ್ಟೆಯಲ್ಲಿ ಮರಿ, ಎಲ್ಲೋ ಒಣ ನೆಲದ ಮೇಲೆ ಹರಿದಾಡುತ್ತಿದೆ. ಅದು ಸತ್ತರೆ ಕೊಂದವನು ತಾನೇ. ಎರಡು ಬೆರಳಿನಷ್ಟು ಸಂದು.

ಕೇಂದ್ರದ ಕೋಣೆಯಲ್ಲಿ ಎಲ್ಲರೂ ಅಂಗೈ ಮೊಣಕಾಲು ಊರಿ ನೆಲದ ಮೇಲಿದ್ದರು. ಕಪಾಟುಗಳನ್ನು ಗೋಡೆಯಿಂದ ಸರಿಸಿದ್ದರು. ಬಚ್ಚಲಿನ ಜಾಲರಿಗೆ ಬಟ್ಟೆ ತುರುಕಿದ್ದರು. ಮೂಲೆಯಲ್ಲಿ ಸಹಾಯಕ ಒಬ್ಬನೇ ನಿಂತಿದ್ದ. ಚೀಲಗಳಿಗೆಲ್ಲ ಗಂಟು ಹಾಕುವವನು ಅವನೇ ಆದ್ದರಿಂದ ಅವನಿಗೆ ಗಂಟಣ್ಣ ಎಂದೇ ಹೆಸರು. ಈಗ ಎಲ್ಲರ ಅನುಮಾನವೂ ಅವನ ಗಂಟಿನ ಮೇಲೆಯೇ ಬಿದ್ದಿತ್ತು. ಬಾಯಿಗೂ ಗಂಟು ಹಾಕಿಕೊಂಡವನಂತೆ ನಿಂತಿದ್ದ.

ಟೈಲರ್ ಒಂದು ಹೆಜ್ಜೆ ಮುಂದೆ ಬಂದ. ಈ ಸಲ ಹೆಂಡತಿಯಿಂದ ಹೇಳಿಸಲು ಮನಸ್ಸಾಗಲಿಲ್ಲ.

"ಮೇಡಂ, ಗಂಟಿನದ್ದಲ್ಲ ತಪ್ಪು. ನಂದು. ಲೈನಿಂಗಿನ ತಳದಲ್ಲಿ ಸಂದು ಬಿಟ್ಟಿದ್ದೆ. ಮುಚ್ಚೋದು ಮರೆತೆ."

ಡಾಕ್ಟರಮ್ಮ ನೆಲದಿಂದ ತಲೆ ಎತ್ತಿದಳು. "ಲೈನಿಂಗಲ್ಲಿ ಮಾತ್ರನಾ? ಹೊರಬಟ್ಟೆಯಲ್ಲಿ?"

"ಹೊರಬಟ್ಟೆ ಗಟ್ಟಿ ಮೇಡಂ. ಎರಡು ಸಲ ಹೊಲಿದಿದ್ದೆ."

"ಹಾಗಾದ್ರೆ ಅದು ಹೊರಗೆ ಹೇಗೆ..." ಎನ್ನುತ್ತ ಅವಳು ದಡಬಡಿಸಿ ಎದ್ದಳು. "ಅಯ್ಯೋ, ಸಂದು ಕಂಡ್ರೆ ನುಗ್ಗೋದೇ ಅದರ ಸ್ವಭಾವ! ಅದು ಹೊರಗೆ ಬಂದೇ ಇಲ್ಲ. ಎರಡು ಬಟ್ಟೆ ನಡುವೆ ಇದೆ. ಚೀಲ ಎಲ್ಲಿ?"

ಗಂಟಣ್ಣನ ಮುಖ ಸುಣ್ಣವಾಯಿತು. "ತೊಳೆಯೋಕೆ ಹಾಕಿದೆ..."

ಒಂದು ಪ್ರಾಣಿಯ ಕಾಯಿಲೆ ಇನ್ನೊಂದಕ್ಕೆ ಅಂಟದಿರಲೆಂದು ಬಳಸಿದ ಚೀಲಗಳನ್ನು ಕುದಿನೀರಿನಲ್ಲಿ ನೆನೆಸುವುದು ಅಲ್ಲಿನ ನಿಯಮ. ಎಲ್ಲರೂ ಹಿಂದಿನ ಕೋಣೆಗೆ ಓಡಿದರು. ತೊಟ್ಟಿಯಲ್ಲಿ ಚೀಲಗಳ ರಾಶಿ. ಕೆಲಸದಾಕೆ ಹಬೆಯಾಡುವ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಎತ್ತಿದ್ದಳು.

"ಅಕ್ಕಾ, ಸುರೀಬೇಡಿ!" ಟೈಲರನ ಹೆಂಡತಿಯ ಕೂಗಿಗೆ ಕಟ್ಟಡವೇ ನಡುಗಿರಬೇಕು. ಕೆಲಸದಾಕೆ ಪಾತ್ರೆಯನ್ನು ಹಾಗೆಯೇ ಒಲೆಯ ಮೇಲೆ ಇಳಿಸಿದಳು. "ಏನಮ್ಮಾ, ನೀರಿಗಿಂತ ನಿಮ್ಮ ದನೀನೇ ಬಿಸಿ!"

ರಾಶಿಯಲ್ಲಿ ಎಲ್ಲ ಚೀಲಗಳೂ ಟೈಲರ್ ಹೊಲಿದವೇ. ಎರಡು ಪದರದ್ದು ಯಾವುದೆಂದು ಅವನ ಕೈಗೆ ಕೂಡಲೇ ಗೊತ್ತಾಯಿತು, ಎತ್ತಿಕೊಂಡ. ತಳದ ಹೊಲಿಗೆಯ ಗುಂಟ ಬೆರಳಾಡಿಸುತ್ತ ಹೋದ. ಮೂಲೆಯ ಹತ್ತಿರ ಮಡಿಕೆ ದಪ್ಪವಾಗಿತ್ತು. ಆ ಮಡಿಕೆ ನಿಧಾನವಾಗಿ ಮುಂದಕ್ಕೆ ಜರುಗಿತು.

"ಬಿಡಬೇಡಿ ಕಣ್ರೀ!" ಎಂದಳು ಹೆಂಡತಿ.

"ಬಿಟ್ಟಿಲ್ಲ," ಎಂದ ಅವನು. ಕಣ್ಣು ಮಾತ್ರ ಮುಚ್ಚಿಕೊಂಡಿದ್ದ.

ಸಂದಿನಿಂದ ವಾಪಸ್ಸು ಎಳೆದರೆ ಹೊಟ್ಟೆಗೆ ಪೆಟ್ಟಾಗುತ್ತದೆ, ಹೊಲಿಗೆ ಬಿಚ್ಚುವುದೇ ಸರಿ ಎಂದಳು ಡಾಕ್ಟರಮ್ಮ. ಟೈಲರ್ ಕಣ್ಣು ತೆರೆದು ಜೇಬಿನಿಂದ ಸಣ್ಣ ಕತ್ತರಿ ತೆಗೆದ. ಅವಳು ಬಟ್ಟೆಯ ಮೇಲೆ ಬೆರಳಿಟ್ಟು ಹಾವು ಇರುವ ಜಾಗ ತೋರಿಸುತ್ತ ಹೋದಳು. ಅವನು ಆ ಬೆರಳಿನಿಂದ ದೂರದಲ್ಲಿ ಒಂದೊಂದೇ ಹೊಲಿಗೆ ಕತ್ತರಿಸಿದ. ಹೊಲಿಯುವಾಗ ಎರಡೆರಡು ಸಲ ಹೊಲಿದದ್ದಕ್ಕೆ ತನಗೆ ತಾನೇ ಶಾಪ ಹಾಕಿಕೊಂಡ.

"ಟೈಲರಣ್ಣ, ಹಾವೂ ಸಾಯಬಾರದು, ಚೀಲವೂ ಹರೀಬಾರದು," ಎಂದ ಗಂಟಣ್ಣ. ಬೆಳಗಿನಿಂದ ಅವನು ಆಡಿದ ಮೊದಲ ಹಾಸ್ಯ ಅದು.

"ಚೀಲ ಹರೀಲಿ ಬಿಡಪ್ಪ," ಎಂದ ಟೈಲರ್.

ಬಟ್ಟೆ ಬಾಯಿ ಬಿಟ್ಟಿತು. ಮೊದಲು ಚೂಪು ಮೂತಿ, ಆಮೇಲೆ ಕಂದು ಮೈ. ಹೊಳೆಯುತ್ತಿತ್ತು, ಆಗ ತಾನೇ ಇಸ್ತ್ರಿ ಮಾಡಿದ ರೇಷ್ಮೆಯಂತೆ. ಡಾಕ್ಟರಮ್ಮ ಅದನ್ನು ಎರಡೂ ಅಂಗೈಯಲ್ಲಿ ಇಳಿಸಿಕೊಂಡು ಹೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಮರಿಗಳು ಹಾಗೇ ಇವೆ," ಎಂದಳು. "ಬಿಗಿಯಾದ ಜಾಗ, ಕತ್ತಲೆ. ಮಣ್ಣಿನೊಳಗೇ ಇದ್ದೀನಿ ಅಂದುಕೊಂಡು ಹಾಯಾಗಿ ಮಲಗಿತ್ತೇನೋ!" ನಗುತ್ತಿದ್ದಳು. ಕೆನ್ನೆ ಮಾತ್ರ ಒದ್ದೆಯಾಗಿತ್ತು.

ಒದ್ದೆ ಮಣ್ಣು ತುಂಬಿದ ಪೆಟ್ಟಿಗೆಯಲ್ಲಿ ಬಿಟ್ಟ ಕೂಡಲೇ ಹಾವು ತಲೆ ಊರಿ ಒಳಗಿಳಿಯಿತು. ಟೈಲರ್ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಬಾಲದ ಕೊನೆ ಕಾಣೆಯಾಗುವವರೆಗೆ ನೋಡಿದ. ಹೋದ ಜೀವ ಬಂದಂತಾಯಿತು. ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕುಳಿತ.

ಗಂಟಣ್ಣ ಬಂದು ಪಕ್ಕದಲ್ಲಿ ಕುಳಿತ. ಬೆಳಗಿನಿಂದ ಕಟ್ಟಿದ್ದ ಮಾತೆಲ್ಲ ಈಗ ಕಟ್ಟೆಯೊಡೆಯಿತು. ತಾನು ಹಾಕುವ ಗಂಟು ಎಂಥದ್ದು, ಯಾರಿಂದ ಕಲಿತದ್ದು, ಅದನ್ನು ಬಿಚ್ಚಲು ಯಾರ್ಯಾರು ಸೋತರು, ಒಂದೂ ಬಿಡದೆ ಹೇಳಿದ. ಹೆಂಡತಿ ಕ್ಯಾಂಟೀನಿನಿಂದ ಚಹಾ ಮತ್ತು ಬನ್ನು ತಂದಳು. ಟೈಲರ್ ತನ್ನ ಬನ್ನು ತಿಂದ, ಅವಳದ್ದನ್ನೂ ತಿಂದ. ಗಂಟಣ್ಣನ ಮಾತು ಮುಗಿಯಲಿಲ್ಲ. ಟೈಲರಿಗೂ ಎದ್ದು ಹೋಗುವ ಮನಸ್ಸಾಗಲಿಲ್ಲ.