ಓದಿಲ್ಲವೆಂದು ಬರೆಸಿಕೊಂಡ ಲೆಕ್ಕದಕ್ಕ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳಿಗೆ ಲೆಕ್ಕದಕ್ಕ ಎಂದೇ ಹೆಸರು ಬಿದ್ದಿತ್ತು. ಮಡಚಿಟ್ಟ ಹಾಸಿಗೆ ಬಟ್ಟೆಗಳ ಅಟ್ಟಿಯನ್ನು ಗೇಣಿನಲ್ಲಿ ಅಳೆದು, ಒಂದನ್ನೂ ಎಣಿಸದೆ, ಇಷ್ಟಿವೆ ಎಂದುಬಿಡುತ್ತಿದ್ದಳು. ತಪ್ಪುತ್ತಿರಲಿಲ್ಲ. ತಪ್ಪುವುದಾದರೂ ಹೇಗೆ? ಬಿಟ್ಟುಬಂದ ದೇಶದಲ್ಲಿ ಹನ್ನೊಂದು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟ ಹೆಂಗಸು. ಇಲ್ಲಿ ಮಾತ್ರ, ಕಾಗದದ ಪ್ರಕಾರ, ಅವಳು ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ.

ಅದು ನಾದಿನಿಯ ಬುದ್ಧಿವಂತಿಕೆ. ಆರು ವರ್ಷ ಮೊದಲೇ ಬಂದು ಇಲ್ಲಿನ ಕಚೇರಿಗಳ ಹೊಸ್ತಿಲೆಲ್ಲ ಸವೆಸಿದವಳು. ವಲಸೆ ಬಂದವರಿಗೆ ಭಾಷೆ ಕಲಿಸುವ ಕೇಂದ್ರದ ಫಾರಂ ತುಂಬುವಾಗ ‘ಓದು’ ಎಂಬಲ್ಲಿ ‘ಇಲ್ಲ’ ಎಂದು ಬರೆದೇಬಿಟ್ಟಳು.

“ಅಯ್ಯೋ, ನಾನು ಟೀಚರ್ ಕಣೇ!”

“ಸುಮ್ನಿರಿ ಅತ್ತಿಗೆ. ಓದಿದ್ದೀನಿ ಅಂದ್ರೆ ಸರ್ಟಿಫಿಕೇಟ್ ಎಲ್ಲಿ ಅಂತಾರೆ. ಓದಿಲ್ಲ ಅಂದ್ರೆ ಯಾರಾದ್ರೂ ಸರ್ಟಿಫಿಕೇಟ್ ಕೇಳ್ತಾರಾ?”

ಸರ್ಟಿಫಿಕೇಟು ಮನೆಯ ಜೊತೆಗೇ ಸುಟ್ಟುಹೋಗಿತ್ತು. ಏನೆಂದು ಎದುರಾಡುವುದು?

ಹೀಗೆ ಲೆಕ್ಕದಕ್ಕ ಅಕ್ಷರ ತಿದ್ದುವವರ ತರಗತಿಯಲ್ಲಿ ಕೂತಳು. ಪಾಠ ಹೇಳುವ ಹುಡುಗಿ ಬಲು ಒಳ್ಳೆಯವಳು. ಮೊದಲ ದಿನವೇ ಇವಳ ಬೆರಳುಗಳನ್ನು ಹಿಡಿದು, ಪೆನ್ಸಿಲ್ ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟಳು. ಇವಳೂ ತೋರಿಸಿಕೊಂಡಳು. ಐದೇ ವಾರದಲ್ಲಿ ಹೊಸ ಲಿಪಿಯಲ್ಲಿ ಪತ್ರಿಕೆ ಓದಿದಾಗ ಟೀಚರಮ್ಮನ ಕಣ್ಣಲ್ಲಿ ನೀರೇ ಬಂತು. ‘ನಿರಕ್ಷರಿಯಾಗಿ ಬಂದು, ಐದು ವಾರದಲ್ಲಿ ಪತ್ರಿಕೆ ಓದಿದ ಮಹಿಳೆ’ ಎಂದು ಬರೆದು, ಗೋಡೆಯ ಮೇಲೆ ಇವಳ ಫೋಟೊ ಅಂಟಿಸಿದಳು. ಲೆಕ್ಕದಕ್ಕನಿಗೆ ಆ ಗೋಡೆ ದಾಟುವಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಅದೇ ಗೋಡೆಯ ಮೇಲೆ ಒಂದು ದಿನ ಇನ್ನೊಂದು ಚೀಟಿ ಕಂಡಿತು. ಶಾಲೆಗಳಲ್ಲಿ ಗಣಿತಕ್ಕೆ ಸಹಾಯಕಿಯರು ಬೇಕು, ತರಬೇತಿ ಕೊಡುತ್ತಾರೆ, ಶುಕ್ರವಾರ ಕಡೆಯ ದಿನ. ಮತ್ತೆ ಕರಿಹಲಗೆಯ ಮುಂದೆ ನಿಲ್ಲಬಹುದು! ಕೇಂದ್ರದ ಕಚೇರಿಗೆ ಓಡಿದಳು. ಗಾಜಿನ ಹಿಂದಿನ ಗುಮಾಸ್ತ ಕಡತ ತೆಗೆದ.

“ನಿಮ್ಮದರಲ್ಲಿ ಓದೇ ಇಲ್ಲವಲ್ಲಮ್ಮಾ. ಭಾಷೆಯ ಮೂರು ಹಂತ ಮುಗಿಸಿ ಬನ್ನಿ. ಎರಡು ವರ್ಷ ಅಷ್ಟೇ.”

“ಅದು ತಪ್ಪಾಗಿ ಬರೆದಿದ್ದು ಸ್ವಾಮಿ. ನಾನು ಅಲ್ಲಿ ಟೀಚರ್ ಆಗಿದ್ದೆ.”

“ಅದಕ್ಕೆ ಪ್ರೂಫು?”

“ಓದಿಲ್ಲ ಅನ್ನೋಕೆ ಪ್ರೂಫ್ ಕೇಳಿದ್ರಾ?”

“ಅದಕ್ಕೆ ಬೇಡಮ್ಮಾ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಗಾಜಿಗೇ ತಲೆ ಚಚ್ಚಿಕೊಳ್ಳಬೇಕೆನಿಸಿತು. ಕೊನೆಗೆ ಅವನೇ ಒಂದು ದಾರಿ ಹೇಳಿದ. ಹಂತ ತಪ್ಪಾಗಿದೆ ಎಂದು ತರಗತಿಯ ಟೀಚರ್ ಬರೆದುಕೊಟ್ಟರೆ ಪ್ರವೇಶ ಪರೀಕ್ಷೆಗೆ ಕೂರಿಸುತ್ತಾರಂತೆ.

ಶುಕ್ರವಾರ ತರಗತಿಯಲ್ಲಿ ಎದ್ದುನಿಂತಳು. “ಮೇಡಂ, ನಾನು ಓದಿದೋಳು.”

“ಹೌದು ಮತ್ತೆ, ಓದಿಸಿದ್ದು ನಾನಲ್ವಾ!” ಎಂದು ಹುಡುಗಿ ನಕ್ಕಳು.

“ಅಲ್ಲ ಮೇಡಂ. ಮೊದಲೇ ಓದಿದೋಳು.”

ಇದ್ದದ್ದನ್ನೆಲ್ಲ ಹೇಳಿ, ಪತ್ರ ಬೇಕೆಂದಳು. ಹುಡುಗಿಯ ಮುಖ ಸಪ್ಪಗಾಯಿತು. “ಹಾಗಾದ್ರೆ... ಆ ಪೆನ್ಸಿಲ್ ಹಿಡಿಯೋದು?”

“ಅದೂ ಬರ್ತಿತ್ತು. ನೀವು ಅಷ್ಟು ಖುಷಿಯಾಗಿ ಹಿಡಿಸ್ತಿದ್ರಿ, ಬೇಡ ಅನ್ನೋಕಾಗ್ಲಿಲ್ಲ.”

“ಮೇಲಿನವರಿಗೆ ನಿಮ್ಮ ವಿಷಯ ಬರೆದು ಕಳಿಸಿಬಿಟ್ಟಿದ್ದೀನಲ್ಲ! ಈಗ ಏನಂತ ಬರೀಲಿ? ಮುಂದಿನ ಸಲ ನೋಡೋಣ, ಅಷ್ಟರಲ್ಲಿ...”

ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಉಕ್ಕಿತು. “ಮುಂದಿನ ಸಲ, ಮುಂದಿನ ಸಲ! ನಿಮ್ಮ ಗೋಡೆಗೊಂದು ಫೋಟೊ ಇರ್ಲಿ ಅಂತ ನಾನು ಇನ್ನೂ ಎರಡು ವರ್ಷ ದಡ್ಡಿಯಾಗಿ ಕೂರ್ಬೇಕಾ ತಾಯಿ?”

ಎರಡನೆಯ ಸಾಲಿನಲ್ಲಿದ್ದ ಟ್ಯಾಕ್ಸಿ ಓಡಿಸುವವನು ಕೆಮ್ಮಿದ. “ನಂದೂ ಅದೇ ಕಥೆ ಮೇಡಂ. ನಾನು ಅಲ್ಲಿ ದನಗಳ ಡಾಕ್ಟ್ರು.”

“ನೀವೂನಾ?” ಎಂದು ಹುಡುಗಿ ಕುರ್ಚಿಯಲ್ಲಿ ಕುಸಿದಳು.

ಹಿಂದಿನ ಬೆಂಚಿನ ಅಜ್ಜಿಗೆ ಗಾಬರಿಯಾಯಿತು. “ಅಯ್ಯೋ, ನಾನೊಬ್ಬಳೇ ನಿಜವಾಗ್ಲೂ ಓದದೇ ಇರೋಳು! ನನ್ನ ಬಿಟ್ಟು ಎಲ್ಲಾರೂ ಹೋಗ್ಬಿಡ್ತೀರಾ?”

ಟೀಚರಮ್ಮ ನಗಲೂ ಇಲ್ಲ, ಅಳಲೂ ಇಲ್ಲ. ಗೋಡೆಯ ಕಡೆಗೊಮ್ಮೆ ನೋಡಿ, ಹಾಳೆ ತೆಗೆದು ಪತ್ರ ಬರೆದಳು. ಸಹಿ ಹಾಕಿ, “ನಿಮ್ಮದೂ ಹೇಳಿ, ಬರೀತೀನಿ,” ಎಂದು ಟ್ಯಾಕ್ಸಿಯವನಿಗೂ ಹಾಳೆ ತೆಗೆದಳು.

ಕಚೇರಿ ಮುಚ್ಚಲು ಹತ್ತು ನಿಮಿಷವಿತ್ತು. ಗುಮಾಸ್ತ ಪತ್ರವನ್ನು ಎರಡು ಸಲ ಓದಿ, ಠಸ್ಸೆ ಒತ್ತಿ, ಮಂಗಳವಾರದ ಪರೀಕ್ಷೆಯ ಚೀಟಿಯನ್ನು ಗಾಜಿನಡಿಯಿಂದ ತಳ್ಳಿದ.

“ಇದನ್ನ ಮೊದಲೇ ಹೇಳೋಕೆ ಏನಾಗಿತ್ತಮ್ಮಾ?”

ಅವನಿಗೆ ಕೊಡಲು ಲೆಕ್ಕದಕ್ಕನ ಹತ್ತಿರ ಎರಡು ಭಾಷೆಗಳಲ್ಲಿ ಉತ್ತರವಿತ್ತು. ಎರಡನ್ನೂ ನುಂಗಿಕೊಂಡು ಚೀಟಿ ತೆಗೆದುಕೊಂಡಳು. ಹಿಂದೆ ನಿಂತಿದ್ದ ದನದ ಡಾಕ್ಟರಿಗೆ ಜಾಗ ಬಿಟ್ಟುಕೊಟ್ಟಳು.